ಹಸೂರಚಂಪುವಿನಿಂದ ಹತ್ತರಗಿವರೆಗೆ: ಬೆಂಗಳೂರಿನ ವಿಮಾನ ಮ್ಯೂಸಿಯಂನಲ್ಲಿ ನಮ್ಮ ಸೀಮೆಯ ಕಥೆ

ಹೋದ ವರ್ಷ ಕೌಜಲಗಿ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಕೂತಿದ್ದೆವು. ಮೇಲೆ ಬಹಳ ಎತ್ತರದಲ್ಲಿ ವಿಮಾನವೊಂದು ಬಿಳಿ ಗೆರೆ ಎಳೆಯುತ್ತ ಹೊರಟಿತ್ತು. ಪಕ್ಕದಲ್ಲಿದ್ದ ಅಜ್ಜ ಅದನ್ನು ನೋಡಿ ನಕ್ಕರು.

"ಇವಕ್ಕೇನ್ ಸಪ್ಪಳ ಐತಿ ತಮ್ಮಾ? ನಾ ಬೆಳಗಾವ್ಯಾಗ ಬೋರ್ಡಿಂಗಿನ್ಯಾಗ ಇದ್ದು ಸಾಲಿ ಕಲೀತಿದ್ನಿ. ಸಾಂಬ್ರಾದಾಗಿಂದ ಏಳೂ ವಿಮಾನದ ಸಪ್ಪಳ ಕೇಳಬೇಕಿತ್ತ ನೀವು. ಕಿಟಕಿ ಗಡಗಡ ನಡಗತಿದ್ವು."

"ಯಾವಾಗಿನ ಮಾತ್ರಿ ಅಜ್ಜಾರ?"

"ಅರವತ್ತೊಂದನೇ ಇಸವಿ. ಗೋವಾದ ಗದ್ದಲ ನಡದಿತ್ತು. ರಸ್ತಾ ತುಂಬ ಮಿಲಿಟರಿ ಲಾರಿ."

ಅಜ್ಜನ ಮಾತು ಪೂರ್ತಿ ಕೇಳಬೇಕಿತ್ತು. ಆದರೆ ನಮಗೆ ಅಂದು ಕಬ್ಬಿನ ಬಿಲ್ಲಿನ ಸುದ್ದಿ ಕಳಿಸುವ ಅವಸರ. "ಮುಂದಿನ ವಾರ ಮನಿಗೆ ಬರ್ತೀವ್ರಿ, ಎಲ್ಲಾ ರೆಕಾರ್ಡ್ ಮಾಡ್ಕೋತೀವಿ" ಎಂದು ಹೇಳಿ ಎದ್ದೆವು. ಮುಂದಿನ ವಾರ ಗ್ರಾಮ ಪಂಚಾಯಿತಿ ಸಭೆ ಬಂತು, ಅದರ ಮುಂದಿನ ವಾರ ಕಾಲುವೆ ನೀರಿನ ತಕರಾರು ಬಂತು. ಕೊನೆಗೆ ಬಿಡುವು ಮಾಡಿಕೊಂಡು ಹೋದಾಗ ಮನೆಯಲ್ಲಿ ಅಜ್ಜನ ಫೋಟೋಕ್ಕೆ ಹಾರ ಹಾಕಿದ್ದರು.

ಇದಾದ ಕೆಲವು ತಿಂಗಳಿಗೆ ಬೇರೆ ಕೆಲಸದ ಮೇಲೆ ಬೆಂಗಳೂರಿಗೆ ಹೋದೆವು. ಅರ್ಧ ದಿನ ಬಿಡುವು ಸಿಕ್ಕಿತು. ಅಜ್ಜನ ಮಾತು ತಲೆಯಲ್ಲಿ ಇದ್ದೇ ಇತ್ತು. ಹಳೆ ವಿಮಾನ ನಿಲ್ಲಿಸಿದ ಮ್ಯೂಸಿಯಂ ಇದೆ ಎಂದು ಕೇಳಿದ್ದೆವು, ಅಲ್ಲಿಗೆ ನಡೆದೆವು. ಅಲ್ಲಿ ನೋಡಿದ್ದು, ಆಮೇಲೆ ಓದಿ ತಿಳಿದುಕೊಂಡಿದ್ದು ಎರಡನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇವೆ. ಬೆಂಗಳೂರಿನ ಅಂಗಳದಲ್ಲಿ ನಿಂತ ಆ ಲೋಹದ ಹಕ್ಕಿಗಳಿಗೂ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮಗೂ ಇರುವ ನಂಟು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು.

ಇಪ್ಪತ್ತೈದರ ಮ್ಯೂಸಿಯಂ

ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಮಾರತ್ತಹಳ್ಳಿ ಕಡೆಗೆ ಹೋಗುವಾಗ, ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ ಸಿಗುತ್ತದೆ. ಇದು ಶುರುವಾಗಿದ್ದು 2001ರಲ್ಲಿ. ಅಂದರೆ 2026ಕ್ಕೆ ಇದಕ್ಕೆ ಇಪ್ಪತ್ತೈದು ವರ್ಷ.

ಒಳಗೆ ಎರಡು ದೊಡ್ಡ ಸಭಾಂಗಣ. ಒಂದರಲ್ಲಿ 1940ರಿಂದ ಈಚೆಗೆ ಹತ್ತತ್ತು ವರ್ಷದ ಲೆಕ್ಕದಲ್ಲಿ ಫೋಟೋಗಳನ್ನು ಜೋಡಿಸಿದ್ದಾರೆ. ಇನ್ನೊಂದರಲ್ಲಿ ವಿಮಾನದ ಎಂಜಿನ್‌ಗಳಿವೆ. ಹೊರಗಿನ ಅಂಗಳದಲ್ಲಿ ಗಿಡಮರ, ಗುಲಾಬಿ ತೋಟದ ನಡುವೆ ನಿಜವಾದ ವಿಮಾನಗಳು ನಿಂತಿವೆ. ಮಾರುತ, ಅಜೀತ, ಕಿರಣ್, ಮಿಗ್-21, ಕ್ಯಾನ್‌ಬೆರಾ, ಎಚ್‌ಟಿ-2. ಮಕ್ಕಳು ಎಲ್ಲಕ್ಕಿಂತ ಮೊದಲು ಯುದ್ಧವಿಮಾನದ ಕಡೆಗೆ ಓಡುತ್ತಾರೆ. ನಾವೂ ಹಾಗೇ ಓಡಿದೆವು. ನಿಧಾನಕ್ಕೆ ಗೊತ್ತಾಗಿದ್ದು, ನಾವು ಮೊದಲು ನಿಲ್ಲಬೇಕಿದ್ದದ್ದು ಆ ಸಣ್ಣ ಎಚ್‌ಟಿ-2 ಎದುರು.

2026 ಇನ್ನೂ ಕೆಲವು ಲೆಕ್ಕಕ್ಕೆ ಕೂಡಿ ಬಂದ ವರ್ಷ. ಎಚ್‌ಟಿ-2 ಮೊದಲ ಸಲ ಹಾರಿದ್ದು 1951ರ ಆಗಸ್ಟಿನಲ್ಲಿ, ಅದಕ್ಕೆ 75. ಮಾರುತ ಹಾರಿದ್ದು 1961ರ ಜೂನ್ 17ಕ್ಕೆ, ಅದಕ್ಕೆ 65. ನಮ್ಮ ಅಜ್ಜ ಹೇಳಿದ ಗೋವಾದ ಡಿಸೆಂಬರಿಗೂ 65.

ಸಕ್ಕರೆ ಸಾಹುಕಾರನ ವಿಮಾನ ಕಾರ್ಖಾನೆ

ಎಚ್‌ಎಎಲ್ ಇವತ್ತು ಸರ್ಕಾರಿ ಕಂಪನಿ. ಹುಟ್ಟಿದ್ದು ಮಾತ್ರ ಖಾಸಗಿಯಾಗಿ, ಅದೂ ಸಕ್ಕರೆ ಕಾರ್ಖಾನೆ ಕಟ್ಟಿದ ಒಬ್ಬ ಉದ್ಯಮಿಯಿಂದ. ಅವರ ಹೆಸರು ವಾಲಚಂದ ಹಿರಾಚಂದ. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಸೊಲ್ಲಾಪುರ ಎಂದರೆ ಸಿದ್ಧರಾಮನ ಊರು, ಇವತ್ತಿಗೂ ಕನ್ನಡ ಕೇಳುವ ಊರು. ವಾಲಚಂದನಗರದ ಸಕ್ಕರೆ ಕಾರ್ಖಾನೆ ಇವರದೇ. ಹಡಗು, ಕಾರು, ವಿಮಾನ ಮೂರನ್ನೂ ಈ ದೇಶದಲ್ಲೇ ಮಾಡಬೇಕು ಎಂಬ ಹಟ ಅವರಿಗಿತ್ತು.

ಆಗ ಎರಡನೇ ಮಹಾಯುದ್ಧ ಶುರುವಾಗಿತ್ತು. ವಿಮಾನ ಪ್ರಯಾಣವೊಂದರಲ್ಲಿ ವಾಲಚಂದರಿಗೆ ವಿಲಿಯಂ ಪಾಲಿ ಎಂಬ ಅಮೆರಿಕದ ವ್ಯಾಪಾರಿ ಭೇಟಿಯಾದರು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದ್ದವರು. ಇಬ್ಬರ ನಡುವೆ ಮಾತು ಬೆಳೆಯಿತು. ಹಣ, ಜಾಗ ಬೇಕಾದಾಗ ಮುಂದೆ ಬಂದಿದ್ದು ಮೈಸೂರು ಸಂಸ್ಥಾನ. ದಿವಾನ ಮಿರ್ಜಾ ಇಸ್ಮಾಯಿಲ್ ಕಾಲ. ಸಂಸ್ಥಾನ 25 ಲಕ್ಷ ರೂಪಾಯಿ ಹೂಡಿತು, ಬೆಂಗಳೂರಿನಲ್ಲಿ ಭೂಮಿಯನ್ನೂ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು.

ಯುದ್ಧ ಹತ್ತಿರ ಬಂದಂತೆ ಬ್ರಿಟಿಷ್ ಇಂಡಿಯಾ ಸರ್ಕಾರವೂ ಪಾಲುದಾರನಾಯಿತು. 1942ರಲ್ಲಿ ಆಡಳಿತ ಸರ್ಕಾರದ ಕೈಗೆ ಹೋಯಿತು. 1943ರಲ್ಲಿ ಅಮೆರಿಕದ ವಾಯುಸೇನೆ ಇದನ್ನು ವಿಮಾನ ದುರಸ್ತಿಯ ದೊಡ್ಡ ಗ್ಯಾರೇಜು ಮಾಡಿಕೊಂಡಿತು. ಬರ್ಮಾ ಕಡೆಯ ಯುದ್ಧದಲ್ಲಿ ಹಾನಿಯಾದ ವಿಮಾನಗಳು ಇಲ್ಲಿಗೆ ಬರುತ್ತಿದ್ದವು. ನಮ್ಮವರು ಕೆಲಸ ಕಲಿತಿದ್ದು ಹೀಗೆ, ಬೇರೆಯವರ ವಿಮಾನ ಬಿಚ್ಚಿ ಕಟ್ಟುತ್ತ. ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಹುಡುಗರು ಕೆಲಸ ಕಲಿಯುವ ಹಾಗೆಯೇ.

1964ರ ಅಕ್ಟೋಬರ್ 1ಕ್ಕೆ ಇದೇ ಕಂಪನಿ ಮಿಗ್ ವಿಮಾನ ಮಾಡಲು ಕಟ್ಟಿದ ಇನ್ನೊಂದು ಸರ್ಕಾರಿ ಕಂಪನಿಯ ಜೊತೆ ಸೇರಿ ಈಗಿನ ಎಚ್‌ಎಎಲ್ ಆಯಿತು.

ಹಸೂರಚಂಪುವಿನ ಹುಡುಗ

ಈಗ ನಮ್ಮ ಸೀಮೆಗೆ ಬರೋಣ.

ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಎಷ್ಟು ದೂರ? ನಮ್ಮವರು ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಎಂದು ಹೋಗಿ ಸಂಜೆಗೆ ತಿರುಗಿ ಬರುವಷ್ಟು. ನಡುವೆ ಎಲ್ಲೋ ರಾಜ್ಯದ ಗಡಿ ದಾಟುತ್ತೇವೆ, ಅಂಗಡಿಯ ಬೋರ್ಡು ಕನ್ನಡದಿಂದ ಮರಾಠಿಗೆ ತಿರುಗುತ್ತದೆ. ಮಾತು ಮಾತ್ರ ಎರಡೂ ಕಡೆ ಎರಡೂ ನಡೆಯುತ್ತದೆ. ಆ ಗಡಹಿಂಗ್ಲಜ ತಾಲ್ಲೂಕಿನ ಹಸೂರಚಂಪು ಎಂಬ ಹಳ್ಳಿಯಲ್ಲಿ 1908ರ ಅಕ್ಟೋಬರ್ 24ರಂದು ಒಬ್ಬ ಹುಡುಗ ಹುಟ್ಟಿದ. ವಿಷ್ಣು ಮಾಧವ ಘಾಟಗೆ. ಆಗ ಈಗಿನ ಈ ರಾಜ್ಯದ ಗಡಿ ಇರಲಿಲ್ಲ.

ಭಾರತದಲ್ಲೇ ವಿನ್ಯಾಸ ಮಾಡಿ, ಭಾರತದಲ್ಲೇ ಸಾಲುಸಾಲಾಗಿ ತಯಾರಿಸಿದ ಮೊದಲ ವಿಮಾನ ಎಚ್‌ಟಿ-2. ಅದರ ವಿನ್ಯಾಸಕಾರ ಇದೇ ಘಾಟಗೆ.

ನಾವು ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರು. ಶಾಲೆಯಲ್ಲಿ ರೈಟ್ ಸಹೋದರರ ಹೆಸರು ಬಾಯಿಪಾಠ ಮಾಡಿದ್ದೆವು. ಘಾಟಗೆ ಎಂಬ ಹೆಸರು ಕೇಳಿದ್ದು ಮಾತ್ರ ಮೂವತ್ತು ದಾಟಿದ ಮೇಲೆ, ಅದೂ ಬೆಂಗಳೂರಿಗೆ ಹೋಗಿ ಬಂದ ಬಳಿಕ. ಇದು ನಮಗೇ ನಾಚಿಕೆ ತಂದ ವಿಷಯ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಘಾಟಗೆ ಮುಂಬಯಿಯಲ್ಲಿ ವಿಜ್ಞಾನ ಓದಿ ಜರ್ಮನಿಗೆ ಹೋದರು. ಅಲ್ಲಿನ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಲುಡ್ವಿಗ್ ಪ್ರಾಂಡ್ಟಲ್ ಎಂಬ ದೊಡ್ಡ ವಿಜ್ಞಾನಿ ಇದ್ದರು. ಗಾಳಿ, ನೀರು ಹೇಗೆ ಹರಿಯುತ್ತವೆ ಎಂಬ ವಿದ್ಯೆಯಲ್ಲಿ ಜಗತ್ತಿಗೇ ಗುರು. 1936ರಲ್ಲಿ ಘಾಟಗೆ ಅವರ ಕೈಕೆಳಗೆ ಡಾಕ್ಟರೇಟ್ ಮುಗಿಸಿದರು.

ಪ್ರಾಂಡ್ಟಲ್ ಕಂಡುಕೊಂಡ ಮುಖ್ಯ ಸಂಗತಿಯನ್ನು ಘಟಪ್ರಭಾ ಕಾಲುವೆಯ ದಂಡೆಯ ಮೇಲೆ ನಿಂತವರು ಬೇಗ ತಿಳಿಯಬಲ್ಲರು. ಕಾಲುವೆಯ ನಡುವಿನ ನೀರು ಜೋರಾಗಿ ಓಡುತ್ತದೆ. ದಂಡೆಗೆ ತಾಗಿದ ನೀರು ನಿಂತ ಹಾಗೇ ಇರುತ್ತದೆ, ಅಲ್ಲಿ ಕಸಕಡ್ಡಿ ಮೆಲ್ಲಗೆ ಸರಿಯುತ್ತದೆ. ವಿಮಾನದ ರೆಕ್ಕೆಯ ಮೇಲೂ ಹೀಗೆಯೇ. ರೆಕ್ಕೆಗೆ ತಾಗಿದ ಗಾಳಿಯ ತೆಳು ಪದರ ನಿಧಾನ, ಮೇಲಿನ ಗಾಳಿ ವೇಗ. ಆ ತೆಳು ಪದರ ರೆಕ್ಕೆಯನ್ನು ಬಿಟ್ಟು ಮೇಲೆದ್ದರೆ ರೆಕ್ಕೆಯ ಎತ್ತುವ ಶಕ್ತಿ ಹೋಗಿ ವಿಮಾನ ಕುಸಿಯುತ್ತದೆ. ರೆಕ್ಕೆಯ ಆಕಾರ ಹೇಗಿರಬೇಕು ಎಂಬ ಲೆಕ್ಕವೆಲ್ಲ ಇದರ ಸುತ್ತ ಇದೆ. ಹಸೂರಚಂಪುವಿನ ಹುಡುಗ ಜರ್ಮನಿಯಿಂದ ಹೊತ್ತು ತಂದ ವಿದ್ಯೆ ಇದು.

ಬೆಂಗಳೂರಿನಲ್ಲಿ ವಿಮಾನ ಕಂಪನಿ ಶುರುವಾದಾಗ ಘಾಟಗೆ ಅಲ್ಲಿಗೆ ಸೇರಿದರು. ಯುದ್ಧದ ಕಾಲದಲ್ಲೇ, 1941ರಲ್ಲಿ, ಹತ್ತು ಜನ ಸೈನಿಕರು ಕೂರುವ ಎಂಜಿನ್ ಇಲ್ಲದ ಗ್ಲೈಡರ್ ಒಂದನ್ನು ವಿನ್ಯಾಸ ಮಾಡಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗ ತೆರೆದಾಗ ಅಲ್ಲಿ ಪಾಠ ಹೇಳಿದ ಮೊದಮೊದಲಿಗರಲ್ಲಿ ಅವರೂ ಒಬ್ಬರು.

ಹಳೆ ಎತ್ತು, ಹೊಸ ಹೋರಿ

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ತರಬೇತಿ ವಿಮಾನವೊಂದನ್ನು ನೀವೇ ವಿನ್ಯಾಸ ಮಾಡಿ ಎಂದು ಸರ್ಕಾರ ಒಪ್ಪಿಗೆ ಕೊಟ್ಟಿತು. ಘಾಟಗೆಯವರ ತಂಡ ಮೂರು ವರ್ಷದಲ್ಲಿ ಎಚ್‌ಟಿ-2 ಕಟ್ಟಿ ನಿಲ್ಲಿಸಿತು. 1951ರ ಆಗಸ್ಟಿನಲ್ಲಿ ಪೈಲಟ್ ಜಮ್ಶೆಡ್ ಮುನ್ಶಿ ಅದನ್ನು ಹಾರಿಸಿದರು.

ನೋಡಲು ಇದರಲ್ಲಿ ಏನೂ ಅಬ್ಬರವಿಲ್ಲ. ಮುಂದೆ ಒಂದು ಫ್ಯಾನು, ಮಡಚದ ಎರಡು ಗಾಲಿ, ಬಾಲದ ಕೆಳಗೊಂದು ಪುಟ್ಟ ಗಾಲಿ. ಎಂಜಿನ್ ಶಕ್ತಿ 155 ಅಶ್ವಶಕ್ತಿ. ನಮ್ಮ ಹೊಲದ ಟ್ರ್ಯಾಕ್ಟರು 50ರ ಆಸುಪಾಸು ಎಂದು ಹಿಡಿದರೆ ಮೂರು ಟ್ರ್ಯಾಕ್ಟರಿನ ಬಲ, ಅಷ್ಟೇ. ಒಳಗೆ ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ಎರಡೂ ಕಡೆ ಓಡಿಸುವ ಹಿಡಿಕೆ ಇರುತ್ತದೆ.

ಯಾಕೆ ಎರಡು? ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ಹೋರಿಯನ್ನು ಮೊದಲ ದಿನವೇ ಒಂಟಿಯಾಗಿ ನೇಗಿಲಿಗೆ ಕಟ್ಟುವುದಿಲ್ಲ. ಅನುಭವಸ್ಥ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತೇವೆ. ಹೋರಿ ತಪ್ಪಿದರೆ ಹಳೆ ಎತ್ತು ಎಳೆದು ಸಾಲಿಗೆ ತರುತ್ತದೆ. ತರಬೇತಿ ವಿಮಾನದಲ್ಲೂ ಹುಡುಗ ತಪ್ಪಿದರೆ ಗುರು ತನ್ನ ಹಿಡಿಕೆ ಹಿಡಿದು ವಿಮಾನ ಉಳಿಸುತ್ತಾನೆ.

ಅದಕ್ಕೂ ಮುಂಚೆ ನಮ್ಮ ಹುಡುಗರು ಕಲಿಯುತ್ತಿದ್ದದ್ದು ಬ್ರಿಟಿಷರ ಟೈಗರ್ ಮಾತ್ ಎಂಬ ಕಟ್ಟಿಗೆ, ಬಟ್ಟೆಯ ವಿಮಾನದಲ್ಲಿ. ಎಚ್‌ಟಿ-2 ಪೂರ್ತಿ ಲೋಹದ್ದು. ವಾಯುಪಡೆಗೆ ಹೋಯಿತು, ನೌಕಾಪಡೆಗೆ ಹೋಯಿತು, ಊರೂರಿನ ಫ್ಲೈಯಿಂಗ್ ಕ್ಲಬ್ಬಿಗೆ ಹೋಯಿತು. ಆಫ್ರಿಕಾದ ಘಾನಾ ದೇಶ ಹೊಸದಾಗಿ ವಾಯುಪಡೆ ಕಟ್ಟಿದಾಗ ಭಾರತದಿಂದ 12 ಎಚ್‌ಟಿ-2 ತರಿಸಿಕೊಂಡಿತು. ಒಟ್ಟು 170ರಷ್ಟು ತಯಾರಾದವು. ವಾಯುಪಡೆಯಲ್ಲಿ 1990ರವರೆಗೆ ಇದು ದುಡಿಯಿತು.

1965ರಲ್ಲಿ, 1971ರಲ್ಲಿ ಯುದ್ಧವಿಮಾನ ಹಾರಿಸಿ ಹೆಸರು ಮಾಡಿದ ಅನೇಕ ಪೈಲಟ್‌ಗಳು ಮೊದಲ ಪಾಠ ಕಲಿತಿದ್ದು ಈ ಪುಟ್ಟ ವಿಮಾನದಲ್ಲಿ. ಯುದ್ಧವಿಮಾನಕ್ಕೆ ಹಾರ ಬೀಳುತ್ತದೆ, ಕಲಿಸಿದ ವಿಮಾನ ಮೂಲೆಯಲ್ಲಿ ನಿಲ್ಲುತ್ತದೆ. ಕನ್ನಡ ಶಾಲೆಯ ಮಾಸ್ತರರ ಕಥೆಯೂ ಇದೇ ಅಲ್ಲವೇ?

ಘಾಟಗೆ ಅಲ್ಲಿಗೇ ನಿಲ್ಲಲಿಲ್ಲ. ಪುಷ್ಪಕ, ಕೃಷಕ್ ಎಂಬ ಸಣ್ಣ ವಿಮಾನಗಳನ್ನು ಮಾಡಿದರು. ಅವರ ಮುಂದಾಳತ್ವದಲ್ಲೇ ರೂಪ ಪಡೆದ ಜೆಟ್ ತರಬೇತಿ ವಿಮಾನ ಕಿರಣ್ 1964ರ ಸೆಪ್ಟೆಂಬರ್ 4ರಂದು ಹಾರಿತು. 1996ರಲ್ಲಿ ನಮ್ಮ ಬೀದರಿನ ವಾಯುನೆಲೆಯಲ್ಲಿ ಹುಟ್ಟಿದ ಸೂರ್ಯಕಿರಣ ತಂಡ ನೆನಪಿದೆಯೇ? ಕೆಂಪು ಬಿಳಿ ಬಣ್ಣದ ಒಂಬತ್ತು ವಿಮಾನ ಒಂದಕ್ಕೊಂದು ತಾಗುವಷ್ಟು ಹತ್ತಿರ ಹಾರುತ್ತಿದ್ದವು. ಆ ವಿಮಾನಗಳು ಇದೇ ಕಿರಣ್. 2011ರವರೆಗೆ ಆ ತಂಡ ಅದರಲ್ಲೇ ಹಾರಿತು.

1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಬಂತು. 1991ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ಸಭಾಭವನವೊಂದಕ್ಕೆ ಅವರ ಹೆಸರಿಟ್ಟಿದ್ದಾರೆ.

ಎಂಜಿನ್ ಸಿಗದ ಮಾರುತ

ಅಂಗಳದಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಮಾರುತದ ಮುಂದೆ. ಹಿಂದಕ್ಕೆ ಬಾಗಿದ ರೆಕ್ಕೆ, ಚೂಪಾದ ಮೂತಿ. ಭಾರತದಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ ಇದು.

ಇದರ ವಿನ್ಯಾಸಕ್ಕೆ ಜರ್ಮನಿಯ ಹೆಸರಾಂತ ಎಂಜಿನಿಯರ್ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಮೊದಲು ಅದೇ ಅಳತೆಯ ಕಟ್ಟಿಗೆಯ ಗ್ಲೈಡರ್ ಮಾಡಿ, 1959ರಲ್ಲಿ ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆದುಕೊಂಡು ಹೋಗಿ ಮೇಲೆ ಬಿಟ್ಟು ಪರೀಕ್ಷೆ ಮಾಡಿದರು. ಅದು ಸರಿಯಾಗಿ ಹಾರುತ್ತದೆ ಎಂದು ಖಾತ್ರಿಯಾದ ಮೇಲೆ ನಿಜವಾದ ವಿಮಾನ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು.

ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬೇಕು ಎಂದು ಇದರ ಮೈಕಟ್ಟು ಮಾಡಿದ್ದರು. ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆವರೆಗೂ ಸಿಗಲಿಲ್ಲ. ನಮ್ಮಲ್ಲಿ ಎಂಜಿನ್ ಮಾಡುವ ವಿದ್ಯೆ ಇರಲಿಲ್ಲ, ಹೊರಗಿನವರು ಕೊಡಲಿಲ್ಲ ಅಥವಾ ಕೇಳಿದ ಬೆಲೆ ನಮಗೆ ದುಬಾರಿಯಾಯಿತು. ಕಡಿಮೆ ಶಕ್ತಿಯ ಎರಡು ಎಂಜಿನ್ ಕೂರಿಸಿ ಹಾರಿಸಿದರು. ಆ ವಿಮಾನವನ್ನೇ ಸುಧಾರಿಸುವ ಯತ್ನದಲ್ಲಿ 1970ರ ಜನವರಿ 10ರಂದು ಸುರಂಜನ್ ದಾಸ್ ಬೆಂಗಳೂರಿನಲ್ಲೇ ವಿಮಾನ ಬಿದ್ದು ತೀರಿಕೊಂಡರು. ಎಚ್‌ಎಎಲ್ ಹತ್ತಿರದ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗರು ಆ ರಸ್ತೆಯಲ್ಲಿ ದಿನಾ ಓಡಾಡುತ್ತಾರೆ.

ಇಷ್ಟು ಕೊರತೆ ಇದ್ದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಕಡೆ ಮಾರುತ ಚೆನ್ನಾಗಿ ಕೆಲಸ ಮಾಡಿತು. ಒಟ್ಟು 147 ತಯಾರಾದವು. 1990ರಲ್ಲಿ ನಿವೃತ್ತಿಯಾಯಿತು. ಯುದ್ಧವಿಮಾನದ ಎಂಜಿನ್ನಿಗೆ ನಾವು ಇವತ್ತಿಗೂ ಹೊರದೇಶದ ಬಾಗಿಲು ಬಡಿಯುತ್ತಲೇ ಇದ್ದೇವೆ. ಮಾರುತದ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಇಷ್ಟು ನೆನಪಿದ್ದರೆ ಸಾಕು.

ಪಕ್ಕದಲ್ಲಿ ನಿಂತ ಅಜೀತ, ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದ ಸುಧಾರಿತ ರೂಪ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಶತ್ರುವಿನ ಹಲವು ವಿಮಾನಗಳನ್ನು ಎದುರಿಸಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದು ನ್ಯಾಟ್. ವಾಯುಪಡೆಗೆ ಈವರೆಗೆ ಬಂದ ಒಂದೇ ಒಂದು ಪರಮವೀರ ಚಕ್ರ ಅವರದು. ಮಿಗ್-21 ಬಗ್ಗೆ ಎಲ್ಲರಿಗೂ ಗೊತ್ತು. 1963ರಲ್ಲಿ ಬಂದು 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ವಿದಾಯ ಹೇಳಿತು.

ಸಾಂಬ್ರಾದ ಆ ಬೆಳಗು

ಕ್ಯಾನ್‌ಬೆರಾ ಎಂಬ ದೊಡ್ಡ ಬಾಂಬರ್ ವಿಮಾನದ ಮುಂದೆ ನಿಂತಾಗ ನಮಗೆ ಅಜ್ಜನ ಮಾತು ಮತ್ತೆ ನೆನಪಾಯಿತು. ಗೋವಾದ ಕಥೆಗೆ ಇದೂ ಸೇರಿದ್ದು.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಉತ್ತರ ಕರ್ನಾಟಕದಲ್ಲೇ ಹಳೆಯದು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಇದನ್ನು ಕಟ್ಟಿತು. ಜಪಾನಿನ ಸೇನೆ ಬರ್ಮಾದವರೆಗೆ ಬಂದಿದ್ದ ಕಾಲ. ಬೆಳಗಾವಿ ಯುದ್ಧದಿಂದ ದೂರ, ಸಮುದ್ರಕ್ಕೆ ಹತ್ತಿರ, ತರಬೇತಿಗೆ ಒಳ್ಳೆಯ ಜಾಗ.

ಬ್ರಿಟಿಷರು ಹೋದರು. ಗೋವಾದಲ್ಲಿ ಪೋರ್ಚುಗೀಸರು ಮಾತ್ರ ಉಳಿದರು. 1510ರಿಂದ ಅವರ ಆಳ್ವಿಕೆ. ಮಾತುಕತೆ, ಸತ್ಯಾಗ್ರಹ ಎರಡೂ ಫಲ ಕೊಡದೆ 1961ರ ಡಿಸೆಂಬರಿನಲ್ಲಿ ಭಾರತ ಸೇನೆ ಕಳಿಸಲು ತೀರ್ಮಾನಿಸಿತು. ಸೇನೆ ಬಂದು ಸೇರಿದ್ದು ನಮ್ಮ ಬೆಳಗಾವಿಯಲ್ಲಿ. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಪದಾತಿ ಡಿವಿಜನ್, ಅದರ ಜೊತೆಗೆ ಪ್ಯಾರಾ ಬ್ರಿಗೇಡ್. ಅಜ್ಜ ನೋಡಿದ ಲಾರಿಯ ಸಾಲು ಇದೇ ಇರಬೇಕು.

ವಾಯುದಾಳಿಗೆ ಎರಡು ನೆಲೆ ಆಯ್ದುಕೊಂಡಿದ್ದರು, ಪುಣೆ ಮತ್ತು ಸಾಂಬ್ರಾ. ಡಿಸೆಂಬರ್ 18, ಸೋಮವಾರ. ಕ್ಯಾನ್‌ಬೆರಾ ವಿಮಾನಗಳು ದಾಬೋಲಿಯ ರನ್‌ವೇ ಮೇಲೆ ಬಾಂಬು ಹಾಕಿದವು. ನಿಲ್ದಾಣದ ಕಟ್ಟಡಕ್ಕೆ ಮಾತ್ರ ಪೆಟ್ಟು ಬೀಳಬಾರದು ಎಂದು ಆದೇಶವಿತ್ತು. ಸಾಂಬ್ರಾದಿಂದ ಎದ್ದ ಆರು ಹಂಟರ್ ಜೆಟ್‌ಗಳು ಬಾಂಬೋಲಿಯ ವೈರ್‌ಲೆಸ್ ಕೇಂದ್ರವನ್ನು ರಾಕೆಟ್ಟು, ಗುಂಡುಗಳಿಂದ ಹೊಡೆದವು. ಗೋವಾಕ್ಕೂ ಹೊರಜಗತ್ತಿಗೂ ನಡುವಿನ ಮುಖ್ಯ ಸಂಪರ್ಕ ಕಡಿಯಿತು.

ಇಲ್ಲೊಂದು ಸ್ವಾರಸ್ಯವಿದೆ. ದಾಬೋಲಿಯಲ್ಲಿ ಎರಡು ದೊಡ್ಡ ಪ್ರಯಾಣಿಕ ವಿಮಾನ ನಿಂತಿದ್ದವು. ರಾತ್ರಿ ಪೋರ್ಚುಗೀಸರು ರನ್‌ವೇಯ ತಗ್ಗು ಅವಸರದಲ್ಲಿ ಮುಚ್ಚಿ, ಆ ಎರಡರಲ್ಲೂ ತಮ್ಮವರನ್ನು ಕೂರಿಸಿ ಕತ್ತಲಲ್ಲೇ ಹಾರಿಸಿ ಪಾರು ಮಾಡಿದರು. ಮರುದಿನ, ಡಿಸೆಂಬರ್ 19ರ ಸಂಜೆ, ಗವರ್ನರ್ ಜನರಲ್ ವಸಾಲೋ ಇ ಸಿಲ್ವಾ ಶರಣಾದರು. ನಾಲ್ಕೂವರೆ ಶತಮಾನದ ಆಳ್ವಿಕೆ ಎರಡು ದಿನದೊಳಗೆ ಮುಗಿಯಿತು. ಎರಡೂ ಕಡೆ ಸೇರಿ ಐವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮ್ಯೂಸಿಯಂನಲ್ಲಿ ತೊಳೆದು ಬಣ್ಣ ಬಳಿದು ನಿಲ್ಲಿಸಿದ ವಿಮಾನ ನೋಡುವಾಗ ಈ ಲೆಕ್ಕವೂ ನೆನಪಿರಲಿ.

ಪುಸ್ತಕಗಳಲ್ಲಿ ವಿಮಾನದ ಸಂಖ್ಯೆ ಇದೆ, ದಳದ ಹೆಸರಿದೆ, ಅಧಿಕಾರಿಗಳ ಹೆಸರಿದೆ. ಬೋರ್ಡಿಂಗಿನ ಕಿಟಕಿ ನಡುಗಿದ್ದು, ಹುಡುಗರು ಅಂಗಳಕ್ಕೆ ಓಡಿದ್ದೋ ಹೆದರಿ ಒಳಗೆ ಕೂತದ್ದೋ, ಆ ವಾರ ಬೆಳಗಾವಿಯ ಪೇಟೆಯಲ್ಲಿ ಬೆಲ್ಲದ ವ್ಯಾಪಾರ ನಡೆದಿತ್ತೋ ನಿಂತಿತ್ತೋ, ಇವು ಪುಸ್ತಕದಲ್ಲಿ ಸಿಗುವುದಿಲ್ಲ. ಅವು ನಮ್ಮ ಅಜ್ಜನಂಥವರ ಹತ್ತಿರ ಇದ್ದವು. ಅಂದು ಹದಿನೈದು ವರ್ಷದವರಿಗೆ ಈಗ ಎಂಬತ್ತು.

ಸಾಂಬ್ರಾ ಈಗಲೂ ವಾಯುಪಡೆಯ ನೆಲೆಯೇ. ಏರ್‌ಮನ್‌ಗಳ ತರಬೇತಿ ಶಾಲೆ ಅಲ್ಲಿದೆ. 2022ರ ಕೊನೆಯಿಂದ ಅಗ್ನಿವೀರ ವಾಯು ಹುಡುಗರೂ ಅಲ್ಲೇ ಕವಾಯತು ಮಾಡುತ್ತಾರೆ. ಪಕ್ಕದಲ್ಲೇ ಬೆಂಗಳೂರಿನ ವಿಮಾನ ಇಳಿಯುತ್ತದೆ.

ಹೊಲದ ಮೇಲೆ ಹಾರಿದ ಬಸಂತ

ಎಚ್‌ಎಎಲ್ ಮಾಡಿದ್ದೆಲ್ಲ ಯುದ್ಧಕ್ಕಲ್ಲ. ನಮ್ಮ ಓದುಗರಿಗೆ ಇದು ಇಷ್ಟವಾಗಬಹುದು. 1972ರ ಮಾರ್ಚ್ 30ರಂದು ಬಸಂತ ಎಂಬ ವಿಮಾನ ಹಾರಿತು. ಇದರ ಕೆಲಸ ಬೆಳೆಗೆ ಔಷಧ ಹೊಡೆಯುವುದು. ಹಸಿರು ಕ್ರಾಂತಿಯ ಕಾಲ, ಕೀಟದ ಕಾಟ, ದೊಡ್ಡ ದೊಡ್ಡ ಬಯಲಿಗೆ ಒಮ್ಮೆಲೇ ಔಷಧ ಹೊಡೆಯಬೇಕು ಎಂಬ ಯೋಚನೆ.

39 ಬಸಂತ ತಯಾರಾದವು, 1980ಕ್ಕೆ ತಯಾರಿಕೆ ನಿಂತಿತು. ನಮ್ಮ ದೇಶದಲ್ಲಿ ಹೊಲ ಸಣ್ಣವು. ಒಂದೆಕರೆ ಕಬ್ಬು, ಪಕ್ಕದಲ್ಲಿ ಅರ್ಧ ಎಕರೆ ಮೆಕ್ಕೆಜೋಳ, ನಡುವೆ ಬಾವಿ, ಬದುವಿನ ಮೇಲೆ ಬೇವಿನ ಮರ. ಇಂಥಲ್ಲಿ ವಿಮಾನ ಎಷ್ಟು ಕೆಳಗೆ ಬರಬಲ್ಲದು? ಈಗ ನಮ್ಮ ಕಬ್ಬಿನ ಹೊಲಗಳ ಮೇಲೆ ಡ್ರೋನು ಔಷಧ ಹೊಡೆಯುತ್ತಿದೆ. ಆಸೆ ಹಳೆಯದೇ, ಅರ್ಧ ಶತಮಾನದ ನಂತರ ಅದಕ್ಕೆ ನಮ್ಮ ಹೊಲದ ಅಳತೆಯ ಯಂತ್ರ ಸಿಕ್ಕಿದೆ.

ಹತ್ತರಗಿಯ ತಿರುವು

ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಹತ್ತರಗಿ ಟೋಲ್ ಗೊತ್ತು. ಅದೇ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ಒಂದೂವರೆ ದಶಕದಿಂದ ಅಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತಿವೆ. ಏರ್‌ಬಸ್, ಬೋಯಿಂಗ್‌ನಂಥ ಕಂಪನಿಗಳ ವಿಮಾನಕ್ಕೆ ಅವು ಹೋಗುತ್ತವೆ. ಕೌಜಲಗಿಯ ಮೇಲೆ ಬಿಳಿ ಗೆರೆ ಎಳೆದು ಹೋಗುವ ವಿಮಾನದಲ್ಲಿ ಹುಕ್ಕೇರಿ ತಾಲ್ಲೂಕಿನಲ್ಲಿ ಕೊರೆದ ಲೋಹದ ತುಂಡು ಇದ್ದರೂ ಇರಬಹುದು.

ಯಂತ್ರ ನಮ್ಮ ಸೀಮೆಗೆ ಹೊಸದೂ ಅಲ್ಲ. ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ಬಂದು ನೂರಾ ಮೂವತ್ತು ವರ್ಷದ ಮೇಲಾಯಿತು. ಆದರೆ ಯಂತ್ರದ ಜೊತೆ ಬದುಕಿದವರ ಕಥೆಯನ್ನು ನಾವು ಬರೆದಿಟ್ಟಿದ್ದು ಕಡಿಮೆ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಎಂದರೆ ಶ್ರೀಕೃಷ್ಣ ಪಾರಿಜಾತ ಎಂದು ಪುಟ್ಟ ಮಕ್ಕಳೂ ಹೇಳುತ್ತಾರೆ, ಹೇಳಲೇಬೇಕು. ಅದೇ ಬಾಯಲ್ಲಿ ಎಚ್‌ಟಿ-2 ಎಂದರೆ ಹಸೂರಚಂಪುವಿನ ಘಾಟಗೆ ಎಂದೂ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಹತ್ತರಗಿಯಲ್ಲಿ ಲೇಥ್ ಮುಂದೆ ನಿಂತ ಹುಡುಗಿಗೆ, ಈ ಕೆಲಸದ ಹಿರಿಯನೊಬ್ಬ ಹತ್ತಿರದ ಹಳ್ಳಿಯವನೇ ಎಂದು ಗೊತ್ತಿದ್ದರೆ ಅವಳ ನಿಲುವೇ ಬೇರೆ ಇರುತ್ತದೆ ಎಂದು ನಮಗೆ ಅನಿಸುತ್ತದೆ.

ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್, ವಿಧಾನಸೌಧದ ಜೊತೆ ಈ ಮ್ಯೂಸಿಯಂಗೂ ಅರ್ಧ ದಿನ ಇಡಿ. ಶಾಲೆಯ ಪ್ರವಾಸ ಹೊರಡಿಸುವ ಮಾಸ್ತರರು, ಅಕ್ಕೋರು ಇದನ್ನು ಪಟ್ಟಿಗೆ ಸೇರಿಸಿಕೊಳ್ಳಿ. ಮಕ್ಕಳು ಮಾರುತದ ಕಡೆ ಓಡಲಿ, ತಡೆಯಬೇಡಿ. ಆಮೇಲೆ ಎಚ್‌ಟಿ-2 ಹತ್ತಿರ ಕರೆದುಕೊಂಡು ಬಂದು ನಿಲ್ಲಿಸಿ, ಸಂಕೇಶ್ವರದ ಆಚೆಗಿನ ಆ ಹಳ್ಳಿಯ ಹೆಸರು ಹೇಳಿ.

ಅದಕ್ಕಿಂತ ಮೊದಲು ಇನ್ನೊಂದು ಕೆಲಸವಿದೆ, ಇದಕ್ಕೆ ಬಸ್ಸಿನ ಖರ್ಚಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ವಾಯುಪಡೆಯಲ್ಲೋ ಸೇನೆಯಲ್ಲೋ ದುಡಿದು ಬಂದವರು ಇರಬಹುದು. 1961ರಲ್ಲಿ ಬೆಳಗಾವಿಯಲ್ಲಿದ್ದವರು ಇರಬಹುದು. ಗಿರಣಿಯಲ್ಲಿ, ಕಾರ್ಖಾನೆಯಲ್ಲಿ ಮೊದಲ ಯಂತ್ರ ನೋಡಿದವರು ಇರಬಹುದು. ಇಂದು ಸಂಜೆ ಅವರ ಪಕ್ಕ ಕೂತು ಕೇಳಿ. ಕೈಯಲ್ಲಿರುವ ಇದೇ ಫೋನಿನಲ್ಲಿ ರೆಕಾರ್ಡ್ ಒತ್ತಿ ಸುಮ್ಮನೆ ಇಡಿ. ಹೆಸರು, ಊರು, ಇಸವಿ ಒಂದು ವಹಿಯಲ್ಲಿ ಬರೆದಿಡಿ.

ನಾವು ಮುಂದಿನ ವಾರ ಎಂದು ಹೇಳಿ ತಡ ಮಾಡಿದೆವು. ನೀವು ಮಾಡಬೇಡಿ.